ಪ್ರೌಢಶಾಲೆಯ ಪಾಠಕ್ರಮವೂ ವಿದ್ಯಾರ್ಥಿಯ ಆಯ್ಕೆಯೂ

ಹದಿಮೂರು ಹದಿನಾಲ್ಕು ವರ್ಷದ ಬಾಲಕನು ಹೈಸ್ಕೂಲಿನ ಮೆಟ್ಟಿಲನ್ನು ಹತ್ತಿದಾಗ ಅವನು ಯಾವ ಯಾವ ವಿಷಯಗಳನ್ನು ಕಲಿಯತಕ್ಕದ್ದು, ಅವುಗಳಲ್ಲಿ ಕಡ್ಡಾಯವಾದವು ಎಷ್ಟು, ಅವನ ಇಚ್ಛೆಗೆ ಬಿಟ್ಟವು ಎಷ್ಟು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸಾಲೆಯ ವೇಳಾಪತ್ರಿಕೆಗೆ ಸಂಬಂಧಿಸಿದ ಸಣ್ಣ ವಿಚಾರವೆಂದು ತೋರುವದು. ಆದರೆ ಹೊಲಮನೆಯನ್ನು ಬಿಟ್ಟು ಅಕ್ಷರದ ದಾರಿಯನ್ನು ಹಿಡಿದ ಒಂದೊಂದು ಮನೆತನದ ಚರಿತ್ರೆಯನ್ನು ಕೆದಕಿ ನೋಡಿದರೆ, ಆ ವೇಳಾಪತ್ರಿಕೆಯೊಳಗಿನ ಒಂದು ಗೆರೆಯು ಮುಂದಿನ ಎರಡು ಮೂರು ತಲೆಗಳ ಬಾಳುವೆಯನ್ನೇ ತಿರುಗಿಸಿದ್ದು ಕಂಡುಬರುವದು. ಭಾರತದಲ್ಲಿ 1882ನೆಯ ಇಸವಿಯಿಂದ 2020ನೆಯ ಇಸವಿಯ ವರೆಗೆ ಸರಕಾರದ ಮಂಡಲಿಗಳು ಮೇಲಿಂದ ಮೇಲೆ ಕೂತು, ಎಲ್ಲ ಮಕ್ಕಳಿಗೂ ಒಂದೇ ಪಾಠವು ಸಲ್ಲದು, ಅವರವರ ಒಲವಿಗೆ ತಕ್ಕ ದಾರಿಗಳನ್ನು ತೆರೆಯಬೇಕು ಎಂದು ವರದಿಗಳನ್ನು ಬರೆದವು. ದಾರಿಗಳೂ ತೆರೆದವು. ಆದರೆ ಹೊಸ ದಾರಿಗಳಲ್ಲಿ ಹುಲ್ಲು ಬೆಳೆಯಿತು. ಮಕ್ಕಳು ಹಳೆಯ ಹೆದ್ದಾರಿಯನ್ನೇ ತುಳಿದರು. ಇದು ಮಕ್ಕಳ ಮೊಂಡುತನವೋ, ತಂದೆತಾಯಿಗಳ ಅಜ್ಞಾನವೋ, ಅಥವಾ ಇದರಲ್ಲಿ ಬೇರೊಂದು ಲೆಕ್ಕಾಚಾರವಿತ್ತೋ ಎಂಬದು ವಿಚಾರಿಸತಕ್ಕ ಸಂಗತಿಯಾಗಿದೆ.

ಆ ಹೆದ್ದಾರಿಯ ಹೆಸರು ಮ್ಯಾಟ್ರಿಕ್ಯುಲೇಶನ್. 1857ರಲ್ಲಿ ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದವು. ಅವು ಮೊದಮೊದಲು ಕಲಿಸುವ ಸಂಸ್ಥೆಗಳಾಗಿರದೆ ಕೇವಲ ಪರೀಕ್ಷೆ ಮಾಡುವ ಸಂಸ್ಥೆಗಳಾಗಿದ್ದವು. ಕಾಲೇಜಿನ ಬಾಗಿಲಲ್ಲಿ ನಿಂತು ಒಳಗೆ ಬಿಡತಕ್ಕವರು ಯಾರು, ಬಿಡಬಾರದವರು ಯಾರು ಎಂದು ಆರಿಸುವ ಪರೀಕ್ಷೆಯೇ ಮ್ಯಾಟ್ರಿಕ್ಯುಲೇಶನ್. ಮುಂಬಯಿಯಲ್ಲಿ ಅದು ಮೊದಲು ನಡೆದದ್ದು 1859ರಲ್ಲಿ. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ ಇವರೇ ಮೊದಲಾದವರು ಆ ಮೊದಲ ತಂಡದಲ್ಲಿ ತೇರ್ಗಡೆಯಾದರು. ಕಾಲೇಜಿಗೆ ಹೋಗುವವರನ್ನು ಆರಿಸಲಿಕ್ಕೆ ಹುಟ್ಟಿದ ಈ ಪರೀಕ್ಷೆಯನ್ನು ಬಲುಬೇಗನೆ ಕಚೇರಿಗಳೂ ತಮ್ಮ ಅಳತೆಗೋಲನ್ನಾಗಿ ಮಾಡಿಕೊಂಡವು. ಮ್ಯಾಟ್ರಿಕ್ ಆದವನು ಕಾರಕೂನನಾಗಬಹುದು, ಮುಂದೆ ವಕೀಲಿ ವೈದ್ಯಕಿಗಳನ್ನು ಓದಬಹುದು. ಇತ್ತ ಕನ್ನಡ ಸಾಲೆಯಲ್ಲಿ ಕಲಿತು ಮುಲ್ಕಿ ಪರೀಕ್ಷೆಯನ್ನು ಕೊಟ್ಟವನು ಹಳ್ಳಿಯ ಮಾಸ್ತರಿಕೆಯನ್ನೋ ತಲಾಠಿಯ ಕೆಲಸವನ್ನೋ ಹಿಡಿದು ಅಲ್ಲಿಗೇ ನಿಲ್ಲಬೇಕು. ಒಂದೇ ಊರಿನ ಒಂದೇ ಬುದ್ಧಿಯ ಇಬ್ಬರು ಹುಡುಗರಲ್ಲಿ ಒಬ್ಬನು ಇಂಗ್ಲೀಷು ಸಾಲೆಗೂ ಇನ್ನೊಬ್ಬನು ಕನ್ನಡ ಸಾಲೆಗೂ ಹೋದರೆ, ಹತ್ತು ವರ್ಷಗಳ ತರುವಾಯ ಅವರಿಬ್ಬರ ನಡುವಿನ ಅಂತರವನ್ನು ಅಳೆಯಲಿಕ್ಕೆ ಗೋಲು ಸಾಲುತ್ತಿರಲಿಲ್ಲ. ಹೀಗೆ ಹೈಸ್ಕೂಲು ಎಂಬದು ತನಗೆ ತಾನೇ ಒಂದು ವಿದ್ಯಾಸ್ಥಾನವಾಗದೆ, ಕಾಲೇಜಿನ ಹೊಸ್ತಿಲಾಗಿ ಪರಿಣಮಿಸಿತು. ಹೊಸ್ತಿಲಲ್ಲಿ ಏನನ್ನು ಕಲಿಯಬೇಕೆಂಬದನ್ನು ಒಳಗಿದ್ದವರು ನಿರ್ಣಯಿಸಿದರೇ ಹೊರತು ಹೊರಗೆ ನಿಂತವರಲ್ಲ.

ಇದರ ದೋಷವನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಪುಣೆಯ ಜ್ಯೋತಿರಾವ ಫುಲೆಯವರನ್ನು ಸ್ಮರಿಸದೆ ಮುಂದುವರಿಯಲಾಗದು. ಲಾರ್ಡ್ ರಿಪನ್ನನು 1882ರಲ್ಲಿ ವಿಲಿಯಂ ಹಂಟರನ ಅಧ್ಯಕ್ಷತೆಯಲ್ಲಿ ಒಂದು ಶಿಕ್ಷಣ ಮಂಡಲಿಯನ್ನು ನೇಮಿಸಿದನು. ಮುಂಬಯಿಯ ಕಾಶೀನಾಥ ತ್ರ್ಯಂಬಕ ತೆಲಂಗರೂ ಅದರ ಸದಸ್ಯರಾಗಿದ್ದರು. ಆ ಮಂಡಲಿಯ ಮುಂದೆ ಫುಲೆಯವರು ಅದೇ ವರ್ಷದ ಅಕ್ಟೋಬರದಲ್ಲಿ ಒಂದು ನಿವೇದನೆಯನ್ನು ಸಲ್ಲಿಸಿದರು. ರೈತನ ದುಡಿಮೆಯಿಂದ ಬಂದ ಕರವು ಮೇಲ್ಜಾತಿಗಳ ಉಚ್ಚ ಶಿಕ್ಷಣಕ್ಕೆ ವೆಚ್ಚವಾಗುತ್ತಿದೆ, ರೈತನ ಮಗನಿಗಾದರೋ ಪ್ರಾಥಮಿಕ ಸಾಲೆಯೂ ಇಲ್ಲ ಎಂಬ ಅವರ ಮುಖ್ಯ ದೂರು ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ನಿವೇದನೆಯಲ್ಲಿ ಹೈಸ್ಕೂಲಿನ ಪಾಠಕ್ರಮದ ವಿಷಯವಾಗಿ ಅವರು ಬರೆದ ಮಾತು ಅಷ್ಟಾಗಿ ಜನರ ಲಕ್ಷ್ಯಕ್ಕೆ ಬಂದಿಲ್ಲ. ಅಲ್ಲಿ ಕಲಿಸುವ ವಿದ್ಯೆಯು ನಿತ್ಯದ ಬಾಳುವೆಗೆ ಒದಗತಕ್ಕದ್ದಲ್ಲ, ಕಾರಕೂನರನ್ನೂ ಶಾಲಾಮಾಸ್ತರರನ್ನೂ ತಯಾರಿಸಲಿಕ್ಕಷ್ಟೇ ಅದು ಯೋಗ್ಯವಾದದ್ದು, ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯು ಗುರುಶಿಷ್ಯರಿಬ್ಬರ ಲಕ್ಷ್ಯವನ್ನೂ ಪೂರ್ತಿಯಾಗಿ ನುಂಗಿಬಿಟ್ಟಿದೆ ಎಂಬದು ಅವರ ಅಭಿಪ್ರಾಯದ ಸಾರ. ತೋಟಗಾರಿಕೆಯ ಕುಲದಲ್ಲಿ ಹುಟ್ಟಿ, ಸ್ವತಃ ಗುತ್ತಿಗೆಯ ಕೆಲಸಗಳನ್ನು ಮಾಡಿಸಿದ ಮನುಷ್ಯನ ಮಾತು ಇದಾದುದರಿಂದ ಇದಕ್ಕೆ ವಿಶೇಷ ತೂಕವಿದೆ.

ಹಂಟರ ಮಂಡಲಿಯು 1883ರ ತನ್ನ ವರದಿಯಲ್ಲಿ ಈ ರೋಗಕ್ಕೆ ಔಷಧವನ್ನು ಸೂಚಿಸಿತು. ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಪಾಠಕ್ರಮವನ್ನು ಎರಡು ಕವಲು ಮಾಡತಕ್ಕದ್ದು. ಒಂದು ವಿಶ್ವವಿದ್ಯಾಲಯದ ಪ್ರವೇಶಕ್ಕೆ ಒಯ್ಯುವದು, ಇನ್ನೊಂದು ವ್ಯಾಪಾರ ಮೊದಲಾದ ವ್ಯವಹಾರೋಪಯೋಗಿ ಕೆಲಸಗಳಿಗೆ ತರುಣರನ್ನು ಅಣಿಗೊಳಿಸುವದು. ಕಾಗದದ ಮೇಲೆ ಇದಕ್ಕಿಂತ ಸಮಂಜಸವಾದ ಏರ್ಪಾಟು ಮತ್ತೊಂದಿಲ್ಲ. 1880ರ ದಶಕದ ಕೊನೆಯ ಹೊತ್ತಿಗೆ ಮುಂಬಯಿ ವಿಶ್ವವಿದ್ಯಾಲಯವು ‘ಸ್ಕೂಲ್ ಫೈನಲ್’ ಎಂಬ ಬೇರೆ ಪರೀಕ್ಷೆಯನ್ನು ಹೂಡಿತು. ಇತರ ಪ್ರಾಂತಗಳಲ್ಲಿಯೂ ಇಂತಹ ಪ್ರಯತ್ನಗಳಾದವು. ಆದರೆ ಫಲವೇನಾಯಿತು? 1904ರ ಮಾರ್ಚಿಯಲ್ಲಿ ಲಾರ್ಡ್ ಕರ್ಜನ್ನನ ಸರಕಾರವು ತನ್ನ ಶಿಕ್ಷಣ ಧೋರಣೆಯನ್ನು ಕುರಿತು ಪ್ರಕಟಿಸಿದ ನಿರ್ಣಯದಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ತೋರಿಸಿದ ಈ ಎರಡನೆಯ ದಾರಿಯನ್ನು ಹಿಡಿದವರು ತೀರ ಕಡಿಮೆಯೆಂದು ಒಪ್ಪಿಕೊಳ್ಳಬೇಕಾಯಿತು. ಮುಂಬಯಿಯ ಸ್ಕೂಲ್ ಫೈನಲ್ ಪರೀಕ್ಷೆಯಾದರೂ ಕೆಳದರ್ಜೆಯ ಸರಕಾರಿ ನೌಕರಿಗೆ ಅರ್ಹತೆಯೆಂದು ಗಣಿಸಲ್ಪಟ್ಟ ಕಾರಣದಿಂದಲೇ ಕೆಲಮಟ್ಟಿಗೆ ಬಾಳಿತು. ಅಂದರೆ ಉದ್ಯೋಗವನ್ನು ಕಲಿಸಬೇಕಾದ ದಾರಿಯು ಕಚೇರಿಯ ಹಿಂಬಾಗಿಲಾಯಿತು.

ಇದಕ್ಕೆ ತಂದೆತಾಯಿಗಳನ್ನು ದೂರುವದು ರೂಢಿಯಾಗಿಬಿಟ್ಟಿದೆ. ಕೈಕೆಲಸವೆಂದರೆ ಕೀಳು ಎಂಬ ಭಾವನೆಯು ಕೆಲವು ವರ್ಗಗಳಲ್ಲಿ ಇದ್ದುದು ಸುಳ್ಳಲ್ಲ. ಆದರೆ ಒಕ್ಕಲಿಗ, ನೇಕಾರ, ಗಾಣಿಗರ ಮನೆಗಳಲ್ಲಿ ಕೈಕೆಲಸವು ಹುಟ್ಟಿನೊಡನೆಯೇ ಬಂದದ್ದು. ಅದನ್ನು ಕಲಿಯಲಿಕ್ಕೆ ಅವರು ಮಗನನ್ನು ಇಪ್ಪತ್ತು ಮೈಲು ದೂರದ ಪಟ್ಟಣಕ್ಕೆ ಕಳಿಸಿ, ಬಿಡಾರ ಮಾಡಿಸಿ, ಫೀಯನ್ನು ತೆತ್ತು ಕೂಡುವ ಅಗತ್ಯವಿರಲಿಲ್ಲ. ಎತ್ತನ್ನು ಮಾರಿ ಫೀ ಕಟ್ಟುವ ತಂದೆಯು ಆ ಹಣಕ್ಕೆ ಮನೆಯಲ್ಲಿ ದೊರೆಯದ ವಸ್ತುವನ್ನೇ ಕೊಳ್ಳಬೇಕೆಂದು ಬಯಸಿದರೆ ಅವನನ್ನು ಮೂಢನೆನ್ನಲಾಗದು. ಆ ವಸ್ತುವು ಅಧಿಕಾರದ ಭಾಷೆಯೂ ಅಧಿಕಾರದ ಮುದ್ರೆಯೂ ಆಗಿತ್ತು. ಮಾಮಲೇದಾರ ಕಚೇರಿಯಲ್ಲಿ ತನ್ನ ಅರ್ಜಿಯನ್ನು ಓದಬಲ್ಲ ತನ್ನವನೊಬ್ಬನು ಇಲ್ಲದಿದ್ದುದರ ನೋವು ಅವನಿಗೆ ಗೊತ್ತಿತ್ತು. ವರದಿ ಬರೆದವರಿಗೆ ಗೊತ್ತಿರಲಿಲ್ಲ.

ಎರಡನೆಯ ಕಾರಣವು ಹಣಕ್ಕೆ ಸಂಬಂಧಿಸಿದ್ದು. ಆಯ್ಕೆಯೆಂಬದು ಬಾಯಿಮಾತಿನಿಂದ ಆಗುವದಲ್ಲ. ಒಂದು ವಿಷಯವನ್ನು ಹೆಚ್ಚಾಗಿ ಇಟ್ಟರೆ ಒಬ್ಬ ಮಾಸ್ತರನೂ ಒಂದು ಕೋಣೆಯೂ ಹೆಚ್ಚಾಗಿ ಬೇಕು. ಬಡಗಿತನವನ್ನಿಟ್ಟರೆ ಉಳಿ ಗರಗಸಗಳೂ ಮರವೂ ಬೇಕು, ರಸಾಯನಶಾಸ್ತ್ರವನ್ನಿಟ್ಟರೆ ಗಾಜಿನ ಪಾತ್ರೆಗಳು ಬೇಕು. ಉತ್ತರ ಕರ್ನಾಟಕದ ಹೈಸ್ಕೂಲುಗಳಲ್ಲಿ ಬಹಳಷ್ಟು ಜನರ ದಾನದಿಂದ ನಿಂತವುಗಳು. 1916ನೆಯ ನವೆಂಬರದಲ್ಲಿ ಶಿ. ಶಿ. ಬಸವನಾಳ, ಮ. ರು. ಸಾಖರೆ ಮೊದಲಾದ ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿ, ಗಿಲಗಂಚಿ ಹಾಗೂ ಅರಟಾಳ ಮನೆತನಗಳ ಔದಾರ್ಯದಿಂದ ಆ ಎರಡೂ ಹೆಸರುಗಳಿಂದ ಒಂದು ಹೈಸ್ಕೂಲನ್ನು ತೆರೆದದ್ದು ನಾಡಿಗೆಲ್ಲ ತಿಳಿದ ಸಂಗತಿ. ಇಂತಹ ಸಾಲೆಗಳಿಗೆ ಫೀಯೂ ಸರಕಾರದ ಗ್ರಾಂಟೂ ಇವೆರಡೇ ನಿತ್ಯದ ಆಧಾರಗಳು. ಇವೆರಡೂ ಸಾಲೆಯ ಹೆಸರನ್ನೂ ಮಕ್ಕಳ ಸಂಖ್ಯೆಯನ್ನೂ ನೆಚ್ಚಿದ್ದವು. ಸಾಲೆಯ ಹೆಸರು ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಪಾಸಾದವರ ಪಟ್ಟಿಯನ್ನು ನೆಚ್ಚಿತ್ತು. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕಾದ ಈ ಸಂಸ್ಥೆಗಳು ಎರಡನೆಯ ಕವಲಿನ ಗೊಡವೆಗೆ ಹೋಗದಿದ್ದುದು ಆಶ್ಚರ್ಯವಲ್ಲ. ಮರುವರ್ಷ, 1917ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅಲ್ಲಿಯ ವರೆಗೆ ಪುಣೆ ಮುಂಬಯಿಗಳಿಗೆ ಹೋಗಬೇಕಾಗಿದ್ದ ಮ್ಯಾಟ್ರಿಕ್ ಆದ ಹುಡುಗನಿಗೆ ಕಾಲೇಜು ಅಂಗಳದಲ್ಲಿಯೇ ಬಂದಂತಾಗಿ, ಹೆದ್ದಾರಿಯು ಮತ್ತಷ್ಟು ಅಗಲವಾಯಿತು.

ಮಠಗಳ ಪ್ರಸಾದ ನಿಲಯಗಳೂ ಈ ಕಾಲದಲ್ಲಿಯೇ ಒಂದೊಂದಾಗಿ ತಲೆಯೆತ್ತಿದವು. ತುಮಕೂರಿನ ಸಮೀಪದ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆಯು 1917ರಲ್ಲಿ ಆರಂಭವಾದದ್ದು. ಶಾಸ್ತ್ರಪಾಠವನ್ನು ಬಯಸಿ ಬಂದ ಮಕ್ಕಳಿಗೂ ಇಂಗ್ಲೀಷು ಸಾಲೆಗೆ ಹೋಗುವ ಮಕ್ಕಳಿಗೂ ಒಂದೇ ಪಂಕ್ತಿಯಲ್ಲಿ ದಾಸೋಹವು ನಡೆಯುವ ಪದ್ಧತಿಯು ಇಂತಹ ಸ್ಥಳಗಳಲ್ಲಿ ಬೆಳೆದುಬಂದಿತು. ಹುಡುಗನ ಅನ್ನದ ಚಿಂತೆಯನ್ನು ಪರಿಹರಿಸಿದ ಈ ವ್ಯವಸ್ಥೆಯು ಅವನ ಪಾಠದ ಆಯ್ಕೆಯನ್ನೂ ಹಿಗ್ಗಿಸಿತೇ ಎಂದು ಕೇಳಿದರೆ, ಹೌದೆನ್ನುವದೂ ಕಷ್ಟ, ಇಲ್ಲವೆನ್ನುವದೂ ಕಷ್ಟ. ಸಾಲೆಗೆ ಹೋಗಬೇಕೋ ಬೇಡವೋ ಎಂಬ ಮೊದಲನೆಯ ಆಯ್ಕೆಯೇ ಇಲ್ಲದವನಿಗೆ ಅದು ಆ ಆಯ್ಕೆಯನ್ನು ಕೊಟ್ಟಿತು. ಮುಂದಿನ ಆಯ್ಕೆಗಳು ವಿದ್ಯಾಖಾತೆಯ ಕೈಯಲ್ಲಿದ್ದವು.

ಇಲ್ಲಿ ಭಾಷೆಯ ಮಾತು ಬರುವದು. ಮುಂಬಯಿ ವಿಶ್ವವಿದ್ಯಾಲಯವು 1860ರ ದಶಕದಲ್ಲಿ ಮ್ಯಾಟ್ರಿಕ್ಕಿನ ಮೇಲಿನ ತನ್ನ ಪರೀಕ್ಷೆಗಳಿಂದ ಮರಾಠಿ, ಗುಜರಾತಿ, ಕನ್ನಡ ಮೊದಲಾದ ದೇಶಭಾಷೆಗಳನ್ನು ತೆಗೆದುಹಾಕಿ, ಸಂಸ್ಕೃತ, ಲ್ಯಾಟಿನ್ ಮುಂತಾದ ಪ್ರಾಚೀನ ಭಾಷೆಗಳಿಗೆ ಮನ್ನಣೆಯನ್ನು ಕೊಟ್ಟಿತು. ಹೈಸ್ಕೂಲಿನಲ್ಲಿ ಕನ್ನಡವನ್ನು ತೆಗೆದುಕೊಳ್ಳಬಾರದೆಂದು ಯಾರೂ ಹೇಳಲಿಲ್ಲ. ಆದರೆ ಮುಂದೆ ಕಾಲೇಜಿನಲ್ಲಿ ಕನ್ನಡವಿಲ್ಲವೆಂದ ಮೇಲೆ, ಕಾಲೇಜಿನ ಆಸೆಯಿದ್ದ ಹುಡುಗನು ಹೈಸ್ಕೂಲಿನಲ್ಲಿಯೇ ಸಂಸ್ಕೃತವನ್ನು ಹಿಡಿಯುವದು ಸಹಜವಾಗಿತ್ತು. ಮ್ಯಾಟ್ರಿಕ್ಕಿನ ಮೊದಲ ತಂಡದ ವಿದ್ಯಾರ್ಥಿಯೇ ಆಗಿದ್ದ ರಾನಡೆಯವರು ತಮ್ಮ ಕೊನೆಯ ವರ್ಷಗಳಲ್ಲಿ ದೇಶಭಾಷೆಗಳನ್ನು ವಿಶ್ವವಿದ್ಯಾಲಯಕ್ಕೆ ಮರಳಿ ತರಲಿಕ್ಕೆ ಬಹಳವಾಗಿ ಹೆಣಗಿದರು. ಅವರು 1901ರಲ್ಲಿ ತೀರಿಕೊಂಡರು, ಎಂ. ಎ. ಪರೀಕ್ಷೆಯಲ್ಲಿ ದೇಶಭಾಷೆಗಳಿಗೆ ಎಡೆ ದೊರೆತದ್ದು ಅದೇ ಕಾಲಕ್ಕೆ. ನಿಜಾಮರ ಸೀಮೆಯಲ್ಲಿದ್ದ ರಾಯಚೂರು, ಕಲಬುರ್ಗಿ, ಬೀದರಗಳ ಕನ್ನಡ ಮಕ್ಕಳ ಪಾಡು ಇನ್ನೂ ಬೇರೆ. ಅಲ್ಲಿ ಆಡಳಿತದ ಭಾಷೆಯು ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಕಲಿಸತೊಡಗಿತು. ಮನೆಯ ಮಾತಿನಲ್ಲಿ ಹೈಸ್ಕೂಲನ್ನು ಕಲಿಯುವ ಆಯ್ಕೆಯ ಮಾತನ್ನೇ ಅಲ್ಲಿಯ ಬಾಲಕನು ಎತ್ತುವಂತಿರಲಿಲ್ಲ.

ಮದ್ರಾಸ ಇಲಾಖೆಯು 1911ರಲ್ಲಿ ಮ್ಯಾಟ್ರಿಕ್ಕನ್ನು ಹಿಂದೂಡಿ ಎಸ್. ಎಸ್. ಎಲ್. ಸಿ. ಎಂಬ ಹೊಸ ಪದ್ಧತಿಯನ್ನು ತಂದಿತು. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಆ ಇಲಾಖೆಗೆ ಸೇರಿದ್ದವು. ಮೈಸೂರು ಸಂಸ್ಥಾನವೂ ಮುಂದೆ ಇದೇ ಹೆಸರನ್ನು ಎತ್ತಿಕೊಂಡಿತು. ಇಂಗ್ಲೀಷು, ದೇಶಭಾಷೆ, ಪ್ರಾಥಮಿಕ ಗಣಿತಗಳು ಎಲ್ಲರಿಗೂ ಕಡ್ಡಾಯ. ಇವುಗಳ ಜೊತೆಗೆ ಐಚ್ಛಿಕ ವಿಷಯಗಳ ಒಂದು ಗುಂಪು. ಹುಡುಗನು ಸಾಲೆಯಲ್ಲಿ ವರ್ಷವರ್ಷವೂ ಪಡೆದ ಗುಣಗಳನ್ನು ಬರೆದಿಡುವ ಒಂದು ಪುಸ್ತಕ. ಒಂದೇ ದಿನದ ಪರೀಕ್ಷೆಯ ಮೇಲೆ ಬಾಳುವೆಯನ್ನು ತೂಗದೆ, ಅವನು ಏನು ಕಲಿತನೆಂಬದರ ದಾಖಲೆಯನ್ನು ಕೈಗೆ ಕೊಟ್ಟು ಕಳಿಸುವದು ಇದರ ಉದ್ದೇಶವಾಗಿತ್ತು. ಉದ್ದೇಶವು ಸುಂದರವಾದದ್ದು. ಜನರು ಮಾತ್ರ ಆ ಪುಸ್ತಕದಲ್ಲಿ ಒಂದೇ ಒಂದು ಸಂಗತಿಯನ್ನು ಹುಡುಕಿದರು: ಹುಡುಗನು ಕಾಲೇಜಿಗೆ ಅರ್ಹನೋ ಅಲ್ಲವೋ. ಹೆಸರು ಉಳಿಯಿತು, ಉದ್ದೇಶವು ಹೋಯಿತು. ಇಂದಿನ ಕರ್ನಾಟಕದ ಎಸ್. ಎಸ್. ಎಲ್. ಸಿ. ಪರೀಕ್ಷೆಯನ್ನು ಕಂಡವರಿಗೆ ಅದರ ಹುಟ್ಟಿನ ಕಥೆಯನ್ನು ನಂಬುವದೇ ಕಠಿಣವಾಗುವದು. 1929ರಲ್ಲಿ ಹಾರ್ಟಾಗ ಸಮಿತಿಯು ಮತ್ತೆ ಮ್ಯಾಟ್ರಿಕ್ಕಿನ ದಬ್ಬಾಳಿಕೆಯನ್ನೇ ಹಳಿದು, ಮಧ್ಯಮ ಸಾಲೆಯ ಕೊನೆಗೇ ಹೆಚ್ಚು ಮಕ್ಕಳನ್ನು ಕೈಗಾರಿಕೆ ವ್ಯಾಪಾರಗಳ ಕಡೆಗೆ ತಿರುಗಿಸಬೇಕೆಂದು ಬರೆಯಿತು. ತಿರುಗಿಸಿದವರಾರು? ತಿರುಗಿದವರಾರು?

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಹೆಚ್ಚಿನ ಉತ್ಸಾಹದಿಂದ ಎತ್ತಿಕೊಂಡದ್ದು ಮದ್ರಾಸ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಮಂಡಲಿ. 1952ರಲ್ಲಿ ನೇಮಕವಾಗಿ 1953ರಲ್ಲಿ ವರದಿಯನ್ನೊಪ್ಪಿಸಿದ ಈ ಮಂಡಲಿಯು, ಭಾಷೆ, ಸಮಾಜಶಾಸ್ತ್ರ, ಸಾಮಾನ್ಯ ವಿಜ್ಞಾನ ಮತ್ತು ಒಂದು ಕೈಕಸಬು ಇಷ್ಟನ್ನು ಎಲ್ಲರಿಗೂ ಕಡ್ಡಾಯವಾಗಿ ಇಟ್ಟು, ಉಳಿದದ್ದಕ್ಕೆ ಏಳು ಗುಂಪುಗಳನ್ನು ಮಾಡಿತು: ಮಾನವಿಕಗಳು, ವಿಜ್ಞಾನ, ತಾಂತ್ರಿಕ ವಿದ್ಯೆ, ವಾಣಿಜ್ಯ, ಒಕ್ಕಲುತನ, ಲಲಿತಕಲೆ, ಗೃಹವಿಜ್ಞಾನ. ಇವುಗಳೊಳಗೆ ಒಂದನ್ನು ಹುಡುಗನು ಆರಿಸಿಕೊಂಡು ಅದರಲ್ಲಿ ಮೂರು ವಿಷಯಗಳನ್ನು ಅಭ್ಯಸಿಸಬೇಕು. ಕಸಬುಗಳ ಪಟ್ಟಿಯಲ್ಲಿ ನೂಲುವದು ನೇಯುವದು, ಬಡಗಿತನ, ಲೋಹದ ಕೆಲಸ, ತೋಟಗಾರಿಕೆ, ಹೊಲಿಗೆ, ಅಚ್ಚಿನ ಕೆಲಸ ಇವೆಲ್ಲ ಇದ್ದವು. ಯಾವ ಹುಡುಗನಿಗೆ ಯಾವ ಗುಂಪು ಒಗ್ಗುವದೆಂದು ಹೇಳಲಿಕ್ಕೆ ಸಾಲೆಗಳಲ್ಲಿ ಮಾರ್ಗದರ್ಶಕರಿರಬೇಕೆಂದೂ ಮಂಡಲಿಯು ಬಯಸಿತು. ಇಂತಹ ಹಲವು ಗುಂಪುಗಳುಳ್ಳ ಸಾಲೆಗಳಿಗೆ ವಿವಿಧೋದ್ದೇಶ ಪ್ರೌಢಶಾಲೆಗಳೆಂದು ಹೆಸರಾಯಿತು. ಕರ್ನಾಟಕದ ಅನೇಕ ಊರುಗಳಲ್ಲಿ ಇವು ತೆರೆದವು. ಲೇಥು ಯಂತ್ರಗಳು ಬಂದವು, ಟೈಪುಯಂತ್ರಗಳು ಬಂದವು.

ಬಾರದೆ ಉಳಿದವರು ಶಿಕ್ಷಕರು. ಲೇಥನ್ನು ನಡಿಸಬಲ್ಲವನು ಕಾರಖಾನೆಗೆ ಹೋಗಿ ಹೆಚ್ಚು ಸಂಬಳ ಪಡೆಯುವನಲ್ಲದೆ ಹೈಸ್ಕೂಲಿನಲ್ಲಿ ಮಾಸ್ತರನಾಗುವನೇ? ಈ ಕೊರತೆಯನ್ನು ನೀಗಿಸಲಿಕ್ಕೆಂದೇ ಕೇಂದ್ರ ಸರಕಾರವು ಅಜಮೇರ, ಭೋಪಾಳ, ಭುವನೇಶ್ವರ, ಮೈಸೂರು ಈ ನಾಲ್ಕು ಸ್ಥಳಗಳಲ್ಲಿ ಪ್ರಾಂತೀಯ ಶಿಕ್ಷಣ ಕಾಲೇಜುಗಳನ್ನು ಸ್ಥಾಪಿಸಿತು. ಮೈಸೂರಿನದು 1963ರಲ್ಲಿ ಆರಂಭವಾಯಿತು. ತಂತ್ರವಿದ್ಯೆ, ವಾಣಿಜ್ಯ, ಒಕ್ಕಲುತನ, ವಿಜ್ಞಾನಗಳನ್ನು ಕಲಿಸಬಲ್ಲ ಮಾಸ್ತರರನ್ನು ತಯಾರಿಸಿ, ದಕ್ಷಿಣದ ರಾಜ್ಯಗಳ ವಿವಿಧೋದ್ದೇಶ ಶಾಲೆಗಳಿಗೆ ಕಳಿಸುವದು ಅದರ ಕಾರ್ಯ. ಮಾದರಿಗೆಂದು ಒಂದು ಶಾಲೆಯನ್ನೂ ಅದಕ್ಕೆ ಜೋಡಿಸಲಾಯಿತು. ಆದರೆ ಮರುವರ್ಷವೇ, 1964ರ ಜುಲೈಯಲ್ಲಿ, ಡಾ. ದೌಲತಸಿಂಗ ಕೊಠಾರಿಯವರ ಅಧ್ಯಕ್ಷತೆಯಲ್ಲಿ ಹೊಸ ಶಿಕ್ಷಣ ಮಂಡಲಿಯು ನೇಮಕವಾಯಿತು. 1966ರ ಜೂನದಲ್ಲಿ ಅದು ಒಪ್ಪಿಸಿದ ವರದಿಯು ಹದಿಮೂರನೆಯ ವಯಸ್ಸಿಗೇ ಮಕ್ಕಳನ್ನು ಗುಂಪುಗುಂಪಾಗಿ ಒಡೆಯುವದು ಅಕಾಲಿಕವೆಂದು ಹೇಳಿ, ಮೊದಲ ಹತ್ತು ವರ್ಷಗಳ ವರೆಗೆ ಎಲ್ಲರಿಗೂ ಒಂದೇ ಸಾಮಾನ್ಯ ಪಾಠಕ್ರಮವಿರತಕ್ಕದ್ದೆಂದು ವಿಧಿಸಿತು. ಶಿಕ್ಷಕರು ತಯಾರಾಗುವ ಹೊತ್ತಿಗೆ ಅವರು ಕಲಿಸಬೇಕಾದ ಸಾಲೆಗಳೇ ಕರಗತೊಡಗಿದವು. ಮದುವೆಯ ಚಪ್ಪರವನ್ನು ಹಾಕಿ ಮುಗಿಸುವದರೊಳಗೆ ಮುಹೂರ್ತವೇ ತಪ್ಪಿಹೋದಂತಾಯಿತು.

ಕೊಠಾರಿ ಮಂಡಲಿಯು ಆಯ್ಕೆಯನ್ನು ಕಿತ್ತುಕೊಂಡಿತೆಂದು ಅದನ್ನು ದೂರುವವರಿದ್ದಾರೆ. ಅದರ ಕಾರ್ಯದರ್ಶಿ ಸದಸ್ಯರಾಗಿ ವರದಿಯ ಬಹುಭಾರವನ್ನು ಹೊತ್ತವರು ಜೆ. ಪಿ. ನಾಯಕರು, ಕೊಲ್ಲಾಪುರ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ತಾರುಣ್ಯದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಹಳ್ಳಿಯ ಸಾಲೆಗೆ ಏಳು ಗುಂಪುಗಳು ಎಂದಿಗೂ ಬರಲಾರವು, ಒಂದು ಗುಂಪು ಮಾತ್ರ ಇರುವ ಸಾಲೆಯ ಹುಡುಗನಿಗೆ ಆಯ್ಕೆಯೆಂಬದು ಬರಿಯ ಶಬ್ದ ಎಂಬದು ಅಂತಹವರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಹೆಣ್ಣುಮಕ್ಕಳ ವಿಷಯ. ಆಯ್ಕೆಯು ಹುಡುಗನಿಗೆ ಎಷ್ಟು ಬಳಕೆಯಾಯಿತೋ ತಿಳಿಯದು, ಹುಡುಗಿಗೆ ಮಾತ್ರ ಅದು ಬಹುಕಾಲ ಬೇಲಿಯಾಗಿತ್ತು. ಗಣಿತ ವಿಜ್ಞಾನಗಳಿಗೆ ಬದಲಾಗಿ ಗೃಹವಿಜ್ಞಾನ, ಹೊಲಿಗೆ, ಸಂಗೀತಗಳನ್ನು ತೆಗೆದುಕೊಳ್ಳಬಹುದೆಂಬ ಸೌಲಭ್ಯವು ಅ‌ವಳ ಹಿತಕ್ಕೆಂದೇ ಇತ್ತಂತೆ. ಹೆಣ್ಣುಮಕ್ಕಳ ಹೈಸ್ಕೂಲುಗಳು ಅದನ್ನೇ ನೆಪ ಮಾಡಿಕೊಂಡು ವಿಜ್ಞಾನದ ಮಾಸ್ತರರನ್ನೂ ಪ್ರಯೋಗಶಾಲೆಯನ್ನೂ ಉಳಿಸಿಕೊಂಡವು. ಹದಿಮೂರನೆಯ ವಯಸ್ಸಿಗೆ ಗಣಿತವನ್ನು ಬಿಟ್ಟವಳು ವೈದ್ಯಳಾಗುವದೂ ಎಂಜಿನಿಯರಳಾಗುವದೂ ಅಲ್ಲಿಗೇ ಮುಗಿಯಿತು. ಬಿಟ್ಟ ದಿನ ಅದು ಅವಳಿಗೆ ತಿಳಿದಿರಲಿಕ್ಕೂ ಇಲ್ಲ. 1960ರ ದಶಕದ ಆರಂಭದಲ್ಲಿ ಶ್ರೀಮತಿ ಹಂಸಾ ಮೆಹತಾ ಅವರ ಸಮಿತಿಯು ಹುಡುಗ ಹುಡುಗಿಯರ ಪಾಠಕ್ರಮದಲ್ಲಿ ಭೇದವಿರಬಾರದೆಂದು ಖಂಡಿತವಾಗಿ ಹೇಳಿತು. ಕೊಠಾರಿ ಮಂಡಲಿಯು ಅದನ್ನು ಎತ್ತಿಹಿಡಿದು, ಗಣಿತ ವಿಜ್ಞಾನಗಳನ್ನು ಹತ್ತನೆಯ ತರಗತಿಯ ವರೆಗೆ ಎಲ್ಲರಿಗೂ ಕಡ್ಡಾಯಗೊಳಿಸಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದೇ ಧೋರಣೆಯನ್ನು ತಾಳಿತು. ಈ ನೂರು ನೂರೈವತ್ತು ವರ್ಷಗಳ ವರದಿಗಳಲ್ಲಿ ಸಾಮಾನ್ಯ ಮನೆಗಳೊಳಗೆ ನಿಜವಾದ ಬದಲಾವಣೆಯನ್ನು ತಂದ ವಾಕ್ಯವು ಯಾವದೆಂದು ಕೇಳಿದರೆ, ಆಯ್ಕೆಯನ್ನು ಕೊಟ್ಟ ವಾಕ್ಯಗಳಿಗಿಂತ ಕಡ್ಡಾಯವನ್ನು ವಿಧಿಸಿದ ಈ ವಾಕ್ಯವನ್ನೇ ತೋರಿಸಬೇಕಾಗುವದು.

ಆಯ್ಕೆಯು ಉಳಿದ ಒಂದು ಮೂಲೆಯೆಂದರೆ ಭಾಷೆ. ಅಲ್ಲಿಯೇ ಕರ್ನಾಟಕದಲ್ಲಿ ಬಹುದೊಡ್ಡ ಕಿಚ್ಚು ಹತ್ತಿತು. ತ್ರಿಭಾಷಾ ಸೂತ್ರದ ಮೇರೆಗೆ ಹೈಸ್ಕೂಲಿನ ವಿದ್ಯಾರ್ಥಿಯು ಮೂರು ಭಾಷೆಗಳನ್ನು ಕಲಿಯತಕ್ಕದ್ದು. ಪ್ರಥಮ ಭಾಷೆಯಾಗಿ ಆರಿಸಿಕೊಳ್ಳಬಹುದಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡದೊಡನೆ ಸಂಸ್ಕೃತವೂ ಸೇರಿತ್ತು. ಸಂಸ್ಕೃತವನ್ನು ಪ್ರಥಮವಾಗಿ, ಇಂಗ್ಲೀಷನ್ನು ದ್ವಿತೀಯವಾಗಿ, ಹಿಂದಿಯನ್ನು ತೃತೀಯವಾಗಿ ತೆಗೆದುಕೊಂಡ ಕನ್ನಡದ ಮಗುವು ಕನ್ನಡದ ಒಂದಕ್ಷರವನ್ನೂ ಓದದೆ ಹೈಸ್ಕೂಲನ್ನು ಮುಗಿಸಬಹುದಾಗಿತ್ತು. ಇದರಿಂದ ಸಂಸ್ಕೃತವಿದ್ಯೆಯಾದರೂ ಬೆಳೆಯಿತೇ? ಕಾಳಿದಾಸನ ಮೇಲಿನ ಪ್ರೀತಿಯಿಂದ ಆ ಭಾಷೆಯನ್ನು ಹಿಡಿದವರು ಕೆಲವರು; ಗುಣಗಳು ಸುಲಭವಾಗಿ ಬರುವವೆಂದು ಹಿಡಿದವರು ಬಹಳ ಮಂದಿ. ಉತ್ತರಗಳನ್ನು ಇಂಗ್ಲೀಷಿನಲ್ಲಿ ಅಥವಾ ಕನ್ನಡದಲ್ಲಿ ಬರೆಯಬಹುದಾದ ಭಾಷಾಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಬರುವದು ದುರ್ಲಭವಾಗಿರಲಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಕಡೆಗೆ ದೃಷ್ಟಿಯನ್ನಿಟ್ಟ ಮನೆಗಳಿಗೆ ಅಷ್ಟೇ ಸಾಕಾಗಿತ್ತು. ಮುಂಬಯಿ ವಿಶ್ವವಿದ್ಯಾಲಯದ ಕಾಲದ ಹುಡುಗನು ಕಾಲೇಜಿನ ಮುಖವನ್ನು ನೋಡಿ ಸಂಸ್ಕೃತವನ್ನು ಹಿಡಿದಂತೆ, ನೂರು ವರ್ಷಗಳ ತರುವಾಯದ ಅವನ ಮರಿಮಗನೂ ಹಿಡಿದನು.

ಸಂಸ್ಕೃತವನ್ನು ಪ್ರಥಮ ಭಾಷೆಯ ಪಟ್ಟಿಯಿಂದ ತೆಗೆಯುವ ಯತ್ನವಾದಾಗ ಎರಡೂ ಕಡೆಯಿಂದ ಗದ್ದಲವೆದ್ದಿತು. ಸರಕಾರವು 1980ರ ಜುಲೈಯಲ್ಲಿ ಡಾ. ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸವಣೂರಿನಲ್ಲಿ ಹುಟ್ಟಿ, ಆಕ್ಸಫರ್ಡಿನಲ್ಲಿ ಓದಿ, ಜೀವಮಾನವೆಲ್ಲ ಇಂಗ್ಲೀಷನ್ನು ಕಲಿಸುತ್ತ ಕನ್ನಡದಲ್ಲಿ ಕಾವ್ಯವನ್ನು ಬರೆದ ಈ ಪಂಡಿತರು 1981ರ ಜನವರಿಯಲ್ಲಿ ಒಪ್ಪಿಸಿದ ವರದಿಯು, ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರತಕ್ಕದ್ದೆಂದು ಹೇಳಿತು. ವರದಿಯು ಜಾರಿಗೆ ಬಾರದೆ ನಿಂತಾಗ ಸಾಹಿತಿಗಳೂ ವಿದ್ಯಾರ್ಥಿಗಳೂ ಬೀದಿಗಿಳಿದರು. 1982ರಲ್ಲಿ ನಟ ರಾಜಕುಮಾರರು ಸೇರಿದ ಮೇಲೆ ಅದು ಊರೂರಿನ ಚಳವಳಿಯಾಯಿತು. ಒಂದು ಹೈಸ್ಕೂಲಿನ ಪಾಠಕ್ರಮದ ಕಲಮಿಗಾಗಿ ಇಷ್ಟು ಜನರು ಬೀದಿಗೆ ಬಂದದ್ದನ್ನು ಈ ನಾಡು ಅದಕ್ಕೆ ಮೊದಲು ಕಂಡಿರಲಿಲ್ಲ. 1982ರ ಜುಲೈ 20ರಂದು ಸರಕಾರದ ಆಜ್ಞೆಯು ಹೊರಟಿತು.

ಆದರೆ ಇಲ್ಲಿಯೂ ಕಡ್ಡಾಯಕ್ಕೆ ಇನ್ನೊಂದು ಮುಖವಿತ್ತು. ಮನೆಯಲ್ಲಿ ಉರ್ದು, ಮರಾಠಿ, ತೆಲುಗು, ತಮಿಳುಗಳನ್ನಾಡುವ ಮಕ್ಕಳೂ ಕರ್ನಾಟಕದ ಮಕ್ಕಳೇ. ಅವರ ತಾಯ್ನುಡಿಯು ಪ್ರಥಮಸ್ಥಾನದಿಂದ ಇಳಿಯಿತು. ಅಂಕಗಳಿಗಾಗಿ ಸಂಸ್ಕೃತವನ್ನು ಹಿಡಿದವನನ್ನು ತಡೆಯಲಿಕ್ಕೆ ಕಟ್ಟಿದ ಗೋಡೆಯು ತಾಯ್ನುಡಿಗಾಗಿ ಉರ್ದುವನ್ನು ಹಿಡಿದವನಿಗೂ ಅಡ್ಡವಾಯಿತೆಂಬದನ್ನು ನ್ಯಾಯದೃಷ್ಟಿಯುಳ್ಳವರು ಒಪ್ಪಬೇಕು. 1989ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಪೂರ್ಣ ಪೀಠವು, ಕನ್ನಡವೊಂದನ್ನೇ ಪ್ರಥಮ ಭಾಷೆಯೆಂದು ಎಲ್ಲರ ಮೇಲೆ ವಿಧಿಸುವದು ಸಂವಿಧಾನಕ್ಕೆ ಒಪ್ಪುವದಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ಜೂನದಲ್ಲಿ ಸರಕಾರವು ತಿದ್ದಿ ಹೊರಡಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 1993ರ ಡಿಸೆಂಬರದಲ್ಲಿ ಎತ್ತಿಹಿಡಿಯಿತು. 2015ರಲ್ಲಿ ವಿಧಾನಮಂಡಲವು ಮಾಡಿದ ಕನ್ನಡ ಭಾಷಾ ಕಲಿಕೆಯ ಅಧಿನಿಯಮವು ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕನ್ನಡವನ್ನು ಹತ್ತನೆಯ ತರಗತಿಯ ವರೆಗೆ ಹಂತಹಂತವಾಗಿ ಕಡ್ಡಾಯಗೊಳಿಸಿತು. ಇಷ್ಟಾದರೂ 2025ರ ಪರೀಕ್ಷೆಯಲ್ಲಿ ಒಟ್ಟು 625 ಅಂಕಗಳೊಳಗೆ ಪ್ರಥಮ ಭಾಷೆಗೆ 125 ಎಂಬ ಲೆಕ್ಕವು ಮೊದಲಿನಂತೆಯೇ ಇದ್ದಿತು. ಯಾವ ಭಾಷೆಯಲ್ಲಿ ಆ 125 ಸುಲಭ ಎಂಬ ಎಣಿಕೆಯೂ ಮನೆಮನೆಗಳಲ್ಲಿ ಮೊದಲಿನಂತೆಯೇ ನಡೆದಿತ್ತು.

ಹತ್ತನೆಯ ತರಗತಿಯ ಮೇಲಕ್ಕೆ ಸರಿದ ಎರಡನೆಯ ಕವಲಿನ ಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಉಚ್ಚ ಮಾಧ್ಯಮಿಕ ಮಟ್ಟದ ವಿದ್ಯಾರ್ಥಿಗಳಲ್ಲಿ 1990ರೊಳಗೆ ನೂರಕ್ಕೆ 10 ಜನರೂ 1995ರೊಳಗೆ 25 ಜನರೂ ವೃತ್ತಿಶಿಕ್ಷಣವನ್ನು ಹಿಡಿಯಬೇಕೆಂದು ಗುರಿಯನ್ನಿಟ್ಟಿತು. ಗುರಿಯು ಮುಟ್ಟಲಿಲ್ಲ. ಕರ್ನಾಟಕದಲ್ಲಿ ಜೆ. ಓ. ಸಿ. ಎಂದು ಕರೆಯಿಸಿಕೊಂಡ ಉದ್ಯೋಗಾಧಾರಿತ ಪಾಠಕ್ರಮಗಳೂ ಕೆಲಕಾಲ ನಡೆದು ನಿಂತುಹೋದವು. 2020ರ ನೀತಿಯು ಕಲೆ ವಿಜ್ಞಾನಗಳ ನಡುವೆಯೂ ವೃತ್ತಿ ವಿದ್ಯೆಗಳ ನಡುವೆಯೂ ಕಟ್ಟುನಿಟ್ಟಾದ ಗೋಡೆಯಿರಬಾರದೆಂದು ಸಾರಿತು. 19ರಿಂದ 24 ವರ್ಷದ ದುಡಿಯುವ ಜನರಲ್ಲಿ ಕ್ರಮವಾದ ವೃತ್ತಿಶಿಕ್ಷಣವನ್ನು ಪಡೆದವರು ನೂರಕ್ಕೆ ಐದರಷ್ಟೂ ಇಲ್ಲವೆಂಬ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದೇ ನೀತಿಯೇ ತನ್ನ ಪುಟಗಳಲ್ಲಿ ಉದ್ಧರಿಸಿದೆ. ಹಂಟರನ ವರದಿಗೂ ಈ ನೀತಿಗೂ ನಡುವೆ 137 ವರ್ಷಗಳು.

ಮೈಸೂರಿನ ಆ ಪ್ರಾಂತೀಯ ಕಾಲೇಜು ಹೆಸರನ್ನು ಬದಲಿಸಿಕೊಂಡು ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾಗಿ ಇಂದಿಗೂ ಶಿಕ್ಷಕರನ್ನು ತಯಾರಿಸುತ್ತಿರುವದು. ಅದರ ಆವರಣದೊಳಗಿನ ಮಾದರಿ ಶಾಲೆಯೂ ನಡೆದಿದೆ. ಏಳು ಗುಂಪುಗಳು ಹೋಗಿ ಬಹಳ ವರ್ಷಗಳಾದವು. ಅಲ್ಲಿಯ ಮಕ್ಕಳು ಕೇಂದ್ರೀಯ ಮಂಡಲಿಯ ಪಾಠಕ್ರಮವನ್ನು ಓದಿ, ಅದರ ಪರೀಕ್ಷೆಯನ್ನು ಕೊಡುವರು. ಆದರೆ ಶಾಲೆಯ ಹೆಸರಿನಲ್ಲಿ ‘ವಿವಿಧೋದ್ದೇಶ’ ಎಂಬ ಶಬ್ದವು ಹಾಗೆಯೇ ಉಳಿದುಕೊಂಡಿದೆ.